ಹಗುರ ಡ್ರ್ಯಾಗ್ ಕಾರು: ಎಂಜಿನ್ ಭಾಗಗಳ ಆಯ್ಕೆ

ನಿಂತಲ್ಲಿಂದ ಹೊರಟು ನೇರ ದಾರಿಯ ನಿಗದಿತ ದೂರವನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸುವ ಮೋಟಾರು ಸ್ಪರ್ಧೆಗೆ ಡ್ರ್ಯಾಗ್ ರೇಸ್ ಎಂದು ಹೆಸರು. ತಿರುವುಗಳಿಲ್ಲ, ಸುತ್ತುಗಳಿಲ್ಲ, ಗುರಿ ದಾಟುವವರೆಗೆ ಬ್ರೇಕಿಗೆ ಕೆಲಸವೂ ಇಲ್ಲ. ಸಾಂಪ್ರದಾಯಿಕ ದೂರ ಕಾಲು ಮೈಲಿ, ಅಂದರೆ 402 ಮೀಟರ್. ಅದರ ಅರ್ಧದ ಸ್ಪರ್ಧೆಗಳೂ ಇವೆ. ಅಮೆರಿಕದಲ್ಲಿ ವಾಲಿ ಪಾರ್ಕ್ಸ್ 1951ರಲ್ಲಿ ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಈ ಕ್ರೀಡೆಗೆ ನಿಯಮಗಳ ಚೌಕಟ್ಟು ಕೊಟ್ಟಿತು. 2008ರಲ್ಲಿ ನಡೆದ ಸಾವಿನ ಅಪಘಾತದ ಬಳಿಕ ಅಲ್ಲಿ ಅತಿ ವೇಗದ ವರ್ಗಗಳ ಓಟವನ್ನು 305 ಮೀಟರಿಗೆ ಇಳಿಸಲಾಯಿತು.

ಭಾರತದಲ್ಲಿ ಡ್ರ್ಯಾಗ್ ರೇಸ್ ಕಾರುಗಳಿಗಿಂತ ಬೈಕುಗಳಲ್ಲೇ ಹೆಚ್ಚು ಬೆಳೆದಿದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಆರಂಭವಾದ ರೇಸ್ ಟ್ರ್ಯಾಕಿನ ನೇರ ಭಾಗದಲ್ಲಿ ಸುಮಾರು 300 ಮೀಟರಿನ ರಾಷ್ಟ್ರೀಯ ಬೈಕ್ ಡ್ರ್ಯಾಗ್ ಸ್ಪರ್ಧೆ ನಡೆಯುತ್ತದೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಅಲ್ಲಿ ಹಲವು ಬಾರಿ ಚಾಂಪಿಯನ್ ಆಗಿದ್ದಾರೆ. ಕಾರುಗಳ ಮಟ್ಟಿಗೆ ಹಗುರ ದೇಹಕ್ಕೆ ಸಣ್ಣ ಎಂಜಿನ್ ಕೂರಿಸುವ ವಿದ್ಯೆಯನ್ನು ದೇಶಕ್ಕೆ ಪರಿಚಯಿಸಿದವರಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ (1954–1995) ಮುಖ್ಯರು. ಅವರು 1988ರಲ್ಲಿ ರೂಪಿಸಿದ ಫಾರ್ಮುಲಾ ಮಾರುತಿ ಕಾರುಗಳಿಗೆ ಬಳಸಿದ್ದು ಮಾರುತಿ 800ರ ಮೂರು ಸಿಲಿಂಡರಿನ ಎಂಜಿನನ್ನು.

ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯಲ್ಲಿ ಡ್ರ್ಯಾಗ್ ಟ್ರ್ಯಾಕ್ ಇಲ್ಲ. ನೇರ ಓಟದ ಸ್ಪರ್ಧೆಯೇನೂ ಇಲ್ಲಿಗೆ ಹೊಸತಲ್ಲ; ಕಂಬಳದ ಕೋಣಗಳು ಓಡುವ ಕರೆಯ ಉದ್ದ ಸುಮಾರು 140 ಮೀಟರ್, ಅಲ್ಲಿಯೂ ಲೆಕ್ಕಕ್ಕೆ ಬರುವುದು ಸೆಕೆಂಡಿನ ನೂರನೇ ಒಂದು ಪಾಲು. ಎಂಜಿನ್ ಕೆಲಸವೂ ಹೊಸತಲ್ಲ. ಗಂಗೊಳ್ಳಿ ಬಂದರಿನ ಬೋಟುಗಳ ಡೀಸೆಲ್ ಎಂಜಿನುಗಳು, ನಾಡದೋಣಿಗಳ ಸೀಮೆಎಣ್ಣೆ ಔಟ್‌ಬೋರ್ಡುಗಳು ಇಲ್ಲಿನ ಲೇತ್ ಅಂಗಡಿಗಳಿಗೆ ವರ್ಷವಿಡೀ ಕೆಲಸ ಕೊಡುತ್ತವೆ. ಬ್ರಹ್ಮಾವರದಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಮಣಿಪಾಲ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ‘ಫಾರ್ಮುಲಾ ಮಣಿಪಾಲ್’ ಎಂಬ ವಿದ್ಯಾರ್ಥಿ ತಂಡ ಒಂಟಿ ಸೀಟಿನ ರೇಸ್ ಕಾರುಗಳನ್ನು ಕಟ್ಟುತ್ತದೆ. ಇಂಥ ತಂಡಗಳು ಭಾಗವಹಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ಒಂದು ಅಂಗ ನಿಂತಲ್ಲಿಂದ 75 ಮೀಟರ್ ಓಟ. ಹಗುರ ಕಾರಿನ ಡ್ರ್ಯಾಗ್ ರೇಸಿಗೆ ಈ ಸೀಮೆಯಲ್ಲಿ ಸಿಗುವ ಅತಿ ಸಮೀಪದ ಉದಾಹರಣೆ ಅದೇ.

ತೂಕದ ಲೆಕ್ಕ

ಭಾಗಗಳನ್ನು ಆರಿಸುವ ಕೆಲಸ ತಕ್ಕಡಿಯಿಂದ ಶುರುವಾಗಬೇಕು. ಚಾಲಕನೂ ಸೇರಿದ ಒಟ್ಟು ತೂಕವನ್ನು (ಕಿಲೋ) ಅಶ್ವಶಕ್ತಿಯಿಂದ ಭಾಗಿಸಿ, ಬಂದ ಸಂಖ್ಯೆಯ ಘನಮೂಲವನ್ನು 7.58ರಿಂದ ಗುಣಿಸಿದರೆ 402 ಮೀಟರಿಗೆ ತಗಲುವ ಸೆಕೆಂಡುಗಳ ಅಂದಾಜು ಸಿಗುತ್ತದೆ. 760 ಕಿಲೋ, 50 ಅಶ್ವಶಕ್ತಿಯ ಕಾರಿಗೆ ಇದು 18.8 ಸೆಕೆಂಡು. ಅದೇ ದೇಹಕ್ಕೆ 85 ಅಶ್ವಶಕ್ತಿಯ ಎಂಜಿನ್ ಕೂರಿಸಿ, ತೂಕ 800ಕ್ಕೆ ಏರಿದರೂ ಸಮಯ 16 ಸೆಕೆಂಡಿಗೆ ಇಳಿಯುತ್ತದೆ. 110 ಅಶ್ವಶಕ್ತಿಗೆ 14.7. ಇನ್ನೊಂದು ದಾರಿಯೂ ಇದೆ. 800 ಕಿಲೋದಲ್ಲಿ 80 ಕಿಲೋ ಕಳೆದರೆ ಅರ್ಧ ಸೆಕೆಂಡಿಗಿಂತ ಹೆಚ್ಚು ಉಳಿಯುತ್ತದೆ. ಹಿಂದಿನ ಸೀಟು, ಸ್ಪೀಕರ್, ಎಸಿ ಕಂಪ್ರೆಸರ್, ಸ್ಟೆಪ್ನಿ ಕಳಚಲು ಒಂದು ಭಾನುವಾರ ಸಾಕು. 11 ಪ್ರತಿಶತ ಅಶ್ವಶಕ್ತಿ ಹೆಚ್ಚಿಸಲು ಸಾಲದು. ಎಂಜಿನಿನ ಭಾಗಗಳಿಗೆ ಹಣ ಸುರಿಯುವ ಮೊದಲು ಈ ಕೆಲಸ ಮುಗಿದಿರಬೇಕು.

ಎರಡನೆಯ ಲೆಕ್ಕ ಟಯರಿನದು. ನಮ್ಮ ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಮುಂದಿನ ಚಕ್ರದಿಂದ ಎಳೆಯುವಂಥವು. ಕಾರು ಜಿಗಿದು ಹೊರಟಾಗ ಭಾರ ಹಿಂದಕ್ಕೆ ಸರಿಯುತ್ತದೆ. ಗುರುತ್ವಾಕರ್ಷಣೆಯ ಹತ್ತರಲ್ಲಿ ನಾಲ್ಕು ಪಾಲಿನಷ್ಟು ವೇಗವರ್ಧನೆ ಇದ್ದರೆ, 800 ಕಿಲೋದ ಮಾರುತಿ ಝೆನ್ ಕಾರಿನಲ್ಲಿ ಮುಂದಿನ ಚಕ್ರಗಳಿಂದ ಸುಮಾರು 70 ಕಿಲೋ ಹಿಂದಕ್ಕೆ ಹೋಗುತ್ತದೆ. ಎಳೆಯುವ ಚಕ್ರಕ್ಕೆ ಹಿಡಿತ ಬೇಕಾದ ಗಳಿಗೆಯಲ್ಲೇ ಅದರ ಮೇಲಿನ ಭಾರ ಕಡಿಮೆಯಾಗುತ್ತದೆ. ಹೀಗಾಗಿ ಕೆಳ ಆರ್‌ಪಿಎಂನಲ್ಲಿ ಅಪಾರ ಟಾರ್ಕ್ (ತಿರುಗುಬಲ) ಕೊಡುವ ಎಂಜಿನ್ ಇಂಥ ಕಾರಿನಲ್ಲಿ ರಬ್ಬರ್ ಸುಡುತ್ತದೆ ಅಷ್ಟೆ. ಹಗುರ ಕಾರಿಗೆ ಬೇಕಿರುವುದು ಕೆಳಗೆ ಸೌಮ್ಯವಾಗಿದ್ದು ಮೇಲೆ ಚೆನ್ನಾಗಿ ಎಳೆಯುವ ಎಂಜಿನ್. ಭಾರದ ಅಮೆರಿಕನ್ ಕಾರುಗಳಿಗಾಗಿ ಬರೆದ ಸಲಹೆಗಳನ್ನು ಸಣ್ಣ ಕಾರಿಗೆ ಹೊಂದಿಸಲು ಹೊರಟವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಬ್ಲಾಕ್ ಮತ್ತು ಒಳಭಾಗಗಳು

ಕರ್ನಾಟಕದ ಗ್ಯಾರೇಜುಗಳಲ್ಲಿ ಸುಲಭವಾಗಿ ಸಿಗುವ, ಬಿಡಿಭಾಗ ಅಗ್ಗವಾದ, ಮಾರುತಿ ಕಾರುಗಳ ಸುಜುಕಿ ಎಂಜಿನುಗಳು ಮೂರು. 1983ರಲ್ಲಿ ಬಂದ ಮಾರುತಿ 800ರ 796 ಸಿಸಿ ಎಂಜಿನಿನ ಬೋರ್ (ಸಿಲಿಂಡರಿನ ಒಳವ್ಯಾಸ) 68.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ನಿನ ಓಟ) 72 ಮಿ.ಮೀ. 1993ರಲ್ಲಿ ಬಂದ ಝೆನ್‌ನ 993 ಸಿಸಿ ಅಲ್ಯೂಮಿನಿಯಂ ಎಂಜಿನಿಗೆ ನಾಲ್ಕು ಸಿಲಿಂಡರ್; ಬೋರ್ 72, ಸ್ಟ್ರೋಕ್ 61. ಎಸ್ಟೀಮ್‌ನ 1298 ಸಿಸಿ ಎಂಜಿನಿಗೆ 74 ಮತ್ತು 75.5. ಎಸ್ಟೀಮ್ ಎಂಜಿನನ್ನು ಝೆನ್ ಅಥವಾ ಜಿಪ್ಸಿಯ ಬಾನೆಟ್ ಕೆಳಗೆ ಕೂರಿಸುವುದು ನಮ್ಮ ರೇಸ್ ಮತ್ತು ರ‍್ಯಾಲಿ ವಲಯದ ಹಳೆಯ ರೂಢಿ.

ಇವುಗಳ ಸ್ವಭಾವ ತಿಳಿಯಲು ಪಿಸ್ಟನ್ನಿನ ಸರಾಸರಿ ವೇಗ ನೋಡಬೇಕು. ಸ್ಟ್ರೋಕಿನ ಎರಡರಷ್ಟನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಅದು ಸಿಗುತ್ತದೆ. 800ರ ಎಂಜಿನ್ 7,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 16.8 ಮೀಟರ್ ಮುಟ್ಟುತ್ತದೆ. ಝೆನ್ ಎಂಜಿನ್ 8,000 ಸುತ್ತಿದರೂ 16.3 ಮೀಟರ್ ಅಷ್ಟೆ. ಎಸ್ಟೀಮ್ 8,000ಕ್ಕೆ ಹೋದರೆ 20 ಮೀಟರ್ ದಾಟುತ್ತದೆ. ಕಂಪನಿಯ ಕನೆಕ್ಟಿಂಗ್ ರಾಡನ್ನು ನಂಬಬಹುದಾದ ಎಲ್ಲೆ ಅದು. ಝೆನ್‌ನ ಸಣ್ಣ ಸ್ಟ್ರೋಕು ಎಷ್ಟು ಒಳ್ಳೆಯ ಬುನಾದಿ ಎಂಬುದನ್ನು ಅಶ್ವಶಕ್ತಿಯ ಅಂಕಿ ಮಾತ್ರ ನೋಡುವವರು ಗಮನಿಸುವುದೇ ಇಲ್ಲ.

ರಾಡು ಮತ್ತು ಅದರ ಬೋಲ್ಟಿನ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6,500ರಿಂದ 8,000ಕ್ಕೆ ಹೋಗುವುದೆಂದರೆ ಸುತ್ತು ಹೆಚ್ಚಿದ್ದು 23 ಪ್ರತಿಶತ. ಎಳೆತ ಹೆಚ್ಚಿದ್ದು 51 ಪ್ರತಿಶತ. ಆದ್ದರಿಂದ ಮೊದಲ ಖರ್ಚು ರಾಡ್ ಬೋಲ್ಟು, ಹೊಸ ಬೇರಿಂಗು, ಆಯಿಲ್ ಪಂಪು ಮತ್ತು ಬ್ಯಾಲೆನ್ಸಿಂಗ್. ಮೂರೋ ನಾಲ್ಕೋ ಪಿಸ್ಟನ್ನುಗಳು ಒಂದು ಗ್ರಾಮಿನೊಳಗೆ ಸರಿದೂಗಬೇಕು. ರಾಡುಗಳ ಎರಡೂ ತುದಿಗಳನ್ನು ಬೇರೆ ಬೇರೆ ತೂಗಿ ನೋಡಬೇಕು. ಈ ಖರ್ಚಿನಿಂದ ಒಂದು ಅಶ್ವಶಕ್ತಿಯೂ ಹುಟ್ಟುವುದಿಲ್ಲ, ಆದ್ದರಿಂದಲೇ ಹುಡುಗರು ಇದನ್ನು ಕೊನೆಗೆ ಇಡುತ್ತಾರೆ. ಕೊನೆಗೆ ಇಟ್ಟವರ ರಾಡು ಬ್ಲಾಕನ್ನು ತೂತು ಮಾಡಿ ಹೊರಬಂದ ಉದಾಹರಣೆ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುತ್ತದೆ.

ಆಯಿಲ್ ಸಂಪಿಗೆ ತಡೆಹಲಗೆ ಬೆಸೆಯುವುದೂ ಇದೇ ಸಾಲಿಗೆ ಸೇರಿದ ಕೆಲಸ. ಕಾರು ನೆಗೆದು ಹೊರಟಾಗ ಸಂಪಿನ ಎಣ್ಣೆ ಹಿಂಬದಿಗೆ ಒತ್ತರಿಸಿ, ಹೀರುವ ಕೊಳವೆ ಗಾಳಿ ಎಳೆಯುವ ಸಂಭವವಿದೆ. ಒತ್ತಡದ ಮುಳ್ಳು ಅರ್ಧ ಸೆಕೆಂಡು ಬಿದ್ದರೂ ಬೇರಿಂಗ್ ಲೋಹ ಸವೆಯಲು ಸಾಕು.

ಪಿಸ್ಟನ್ನಿನಲ್ಲಿ ಎರಕದ್ದು ಮತ್ತು ಫೋರ್ಜ್ ಮಾಡಿದ್ದು ಎಂದು ಎರಡು ಬಗೆ. ಟರ್ಬೊ ಇಲ್ಲದ, 7,500ರೊಳಗೆ ಸುತ್ತುವ ಎಂಜಿನಿಗೆ ಕಂಪನಿಯ ಎರಕದ ಪಿಸ್ಟನ್ ಸಾಕು. ಫೋರ್ಜ್ ಪಿಸ್ಟನ್ನಿನ ಮಿಶ್ರಲೋಹ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಬೋರಿನಲ್ಲಿ ಹೆಚ್ಚು ಸಂದು ಬಿಡಬೇಕಾಗುತ್ತದೆ. ತಣ್ಣಗಿರುವಾಗ ಅದು ಟಕಟಕ ಸದ್ದು ಮಾಡುತ್ತದೆ. ಸಿಲಿಕಾನ್ ಹೆಚ್ಚಿರುವ 4032 ಬಗೆ ಕಡಿಮೆ ಹಿಗ್ಗುತ್ತದೆ, 2618 ಬಗೆ ಹೆಚ್ಚು ಹಿಗ್ಗಿದರೂ ಪೆಟ್ಟು ತಡೆಯುತ್ತದೆ. ಬೋರಿಂಗ್ ಮಾಡುವವರ ಕೈಗೆ ಪಿಸ್ಟನ್ ಕೊಟ್ಟು, ಅದನ್ನೇ ಅಳೆದು ಬೋರ್ ಹೊಡೆಯಲು ಹೇಳಬೇಕು. ಸ್ಕೂಟರಿನ ಅಂದಾಜಿನಲ್ಲಿ ಹೊಡೆದ ಬೋರು ಮೊದಲ ಓಟದಲ್ಲೇ ಹಿಡಿದುಕೊಳ್ಳುತ್ತದೆ.

ಕಂಪ್ರೆಷನ್

ಕಂಪ್ರೆಷನ್ ಅನುಪಾತ ಏರಿಸಿದರೆ ಶಕ್ತಿ ಏರುತ್ತದೆ ಎಂಬುದು ನಿಜ. ಎಷ್ಟು ಎಂಬುದರಲ್ಲಿ ಮಾತ್ರ ಉತ್ಪ್ರೇಕ್ಷೆ ಇದೆ. ಪೆಟ್ರೋಲ್ ಎಂಜಿನಿನ ಆದರ್ಶ ಚಕ್ರವಾದ ಒಟ್ಟೊ ಚಕ್ರದ ಸೂತ್ರದಂತೆ 8.7ರಿಂದ 11ಕ್ಕೆ ಹೋದರೆ ದಕ್ಷತೆ ಹೆಚ್ಚುವುದು ಸುಮಾರು 6 ಪ್ರತಿಶತ. ಇದನ್ನು ಹೆಡ್ ಫೇಸಿಂಗ್ (ಹೆಡ್ಡಿನ ತಳ ಕೆರೆದು ತೆಳುವಾಗಿಸುವುದು) ಒಂದರಿಂದಲೇ ಸಾಧಿಸುವುದು ಕಷ್ಟ. 800ರ ಒಂದು ಸಿಲಿಂಡರಿನ ಗಾತ್ರ 265 ಸಿಸಿ. ಅನುಪಾತ 8.7 ಎಂದಿಟ್ಟುಕೊಂಡರೆ ದಹನ ಕೋಣೆಯಲ್ಲಿ 34.5 ಸಿಸಿ ಜಾಗ ಇರುತ್ತದೆ. 10.5ಕ್ಕೆ ಏರಿಸಲು ಅದು 28 ಸಿಸಿಗೆ ಇಳಿಯಬೇಕು. ಬೋರಿನಷ್ಟೇ ಅಗಲದ ಕೋಣೆಯಾದರೂ ಹೆಡ್ಡಿನಿಂದ 1.7 ಮಿ.ಮೀ.ಗಿಂತ ಹೆಚ್ಚು ತೆಗೆಯಬೇಕಾಗುತ್ತದೆ. ನಿಜವಾದ ಕೋಣೆ ಇನ್ನೂ ಕಿರಿದು. ಅಷ್ಟು ತೆಗೆದರೆ ವಾಲ್ವ್ ಪಿಸ್ಟನ್ನಿಗೆ ತಾಗುವ ಅಪಾಯ, ಟೈಮಿಂಗ್ ಬೆಲ್ಟ್ ಸಡಿಲವಾಗಿ ಕ್ಯಾಮ್ ಹಿಂದೆ ಬೀಳುವ ತೊಂದರೆ, ಹೆಡ್ ತೆಳುವಾಗಿ ಗ್ಯಾಸ್ಕೆಟ್ ಊದುವ ಭಯ ಮೂರೂ ಇವೆ. ಅರ್ಧ ಮಿಲಿಮೀಟರ್ ಫೇಸಿಂಗ್, ತೆಳು ಗ್ಯಾಸ್ಕೆಟ್, ತಲೆ ಉಬ್ಬಿದ ಪಿಸ್ಟನ್ ಹೀಗೆ ಹಂಚಿಕೊಂಡು ಮಾಡುವುದು ಜಾಣತನ.

ಕ್ಯಾಮ್, ವಾಲ್ವ್ ಮತ್ತು ಗೇರು

ಎಂಜಿನಿನ ಗುಣ ನಿರ್ಧರಿಸುವ ಭಾಗ ಕ್ಯಾಮ್ ಶಾಫ್ಟ್. ವಾಲ್ವ್ ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಅದರ ಉಬ್ಬುಗಳು ಹೇಳುತ್ತವೆ. ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಮೇಲಿನ ಆರ್‌ಪಿಎಂನಲ್ಲಿ ಸಿಲಿಂಡರನ್ನು ಚೆನ್ನಾಗಿ ತುಂಬುತ್ತದೆ. ಕೆಳಗೆ ಅದೇ ಕಾರಣಕ್ಕೆ ತುಂಬಿದ ಗಾಳಿ ಹಿಂದಕ್ಕೆ ಹೋಗಿ ಎಂಜಿನ್ ತಡವರಿಸುತ್ತದೆ, ಐಡ್ಲಿಂಗ್ ಕುಣಿಯುತ್ತದೆ.

ಎಷ್ಟು ದೊಡ್ಡ ಕ್ಯಾಮ್ ಎಂಬ ಪ್ರಶ್ನೆಗೆ ಉತ್ತರ ಕ್ಯಾಟಲಾಗಿನಲ್ಲಿಲ್ಲ, ಗೇರ್‌ಬಾಕ್ಸಿನಲ್ಲಿದೆ. ಝೆನ್, ಎಸ್ಟೀಮ್ ಕಾರುಗಳ ಸುಜುಕಿ ಜಿ ಸರಣಿಯ ಎಂಜಿನುಗಳ ಜೊತೆ ಬರುವ ಐದು ಗೇರಿನ ಪೆಟ್ಟಿಗೆಯ ಮೊದಲ ಮೂರು ಅನುಪಾತಗಳು ಸುಮಾರು 3.42, 1.89, 1.28. ಮೊದಲನೆಯದರಲ್ಲಿ 7,500ಕ್ಕೆ ಎಳೆದು ಎರಡನೆಯದಕ್ಕೆ ಬದಲಿಸಿದರೆ ಎಂಜಿನ್ 4,150ಕ್ಕೆ ಬೀಳುತ್ತದೆ. ಎರಡರಿಂದ ಮೂರಕ್ಕೆ ಬದಲಿಸಿದಾಗ 5,100ರ ಹತ್ತಿರ. ಹಾಗಾಗಿ 5,500ರ ನಂತರವೇ ಎಚ್ಚರವಾಗುವ ಕ್ಯಾಮ್ ಹಾಕಿದವನು ಪ್ರತಿ ಗೇರಿನಲ್ಲೂ ಒಂದಷ್ಟು ಹೊತ್ತು ಸತ್ತ ಎಂಜಿನನ್ನು ಎಳೆದುಕೊಂಡು ಹೋಗುತ್ತಾನೆ. ಗೇರ್‌ಗಳನ್ನು ಹತ್ತಿರ ಹತ್ತಿರ ಕೂರಿಸಲು ಹಣವಿಲ್ಲದಿದ್ದರೆ 4,200ರಿಂದ 7,500ರವರೆಗೆ ಎಳೆಯುವ ಮಧ್ಯಮ ಕ್ಯಾಮೇ ಒಳ್ಳೆಯದು. ಬೆಂಚಿನ ಮೇಲೆ ಐದು ಅಶ್ವಶಕ್ತಿ ಕಡಿಮೆ ತೋರಿಸುವ ಎಂಜಿನ್ ಟ್ರ್ಯಾಕಿನಲ್ಲಿ ಮುಂದೆ ಬರುವುದು ಹೀಗೆ.

ಕ್ಯಾಮ್ ಬದಲಿಸಿದಾಗ ವಾಲ್ವ್ ಸ್ಪ್ರಿಂಗನ್ನೂ ಬದಲಿಸಲೇಬೇಕು. ಹಳೆಯ ಸ್ಪ್ರಿಂಗ್ ಹೆಚ್ಚಿನ ಸುತ್ತಿನಲ್ಲಿ ವಾಲ್ವನ್ನು ಉಬ್ಬಿಗೆ ಒತ್ತಿ ಹಿಡಿಯಲಾರದು, ವಾಲ್ವ್ ತೇಲುತ್ತದೆ, ಪಿಸ್ಟನ್ ಬಂದು ಗುದ್ದುತ್ತದೆ. ಪೋರ್ಟ್ ಉಜ್ಜುವ ವಿಷಯದಲ್ಲಿ ಹೇಳಬೇಕಾದ್ದು ಚಿಕ್ಕದು: ವಾಲ್ವ್ ಸೀಟಿನ ಸುತ್ತಲಿನ ಒಂದು ಸೆಂಟಿಮೀಟರ್ ಜಾಗದಲ್ಲಿ ಕೆಲಸ ಮಾಡಿದರೆ ಫಲವಿದೆ, ಇಡೀ ಪೋರ್ಟನ್ನು ಕೊರೆದು ದೊಡ್ಡದು ಮಾಡಿದರೆ ಗಾಳಿಯ ವೇಗ ಬಿದ್ದು ನಷ್ಟ.

ಫ್ಲೈವೀಲಿನಲ್ಲಿ ಹಗುರ ಕಾರಿಗೆ ದೊಡ್ಡ ಲಾಭವಿದೆ. ಕೇಂದ್ರದಿಂದ 9 ಸೆಂಟಿಮೀಟರ್ ದೂರದಲ್ಲಿ 3 ಕಿಲೋ ಲೋಹ ತೆಗೆದರೆ, ಒಟ್ಟು ಅನುಪಾತ 15 ಇರುವ ಮೊದಲ ಗೇರಿನಲ್ಲಿ ಅದು ಕಾರಿನಿಂದ ಸುಮಾರು 75 ಕಿಲೋ ಇಳಿಸಿದಂತೆ. ಮೂರನೆಯ ಗೇರಿಗೆ ಬರುವ ಹೊತ್ತಿಗೆ ಅದೇ ಲಾಭ 10 ಕಿಲೋಗೆ ಇಳಿದಿರುತ್ತದೆ. ಭಾರದ ಕಾರುಗಳವರು ಹೊರಡುವಾಗಿನ ಹೊಡೆತಕ್ಕಾಗಿ ಭಾರದ ಫ್ಲೈವೀಲನ್ನೇ ಇಟ್ಟುಕೊಳ್ಳುತ್ತಾರೆ. ಹಗುರ ಕಾರಿಗೆ, ಅದರಲ್ಲೂ ಮುಂದಿನ ಚಕ್ರ ಎಳೆಯುವ ಕಾರಿಗೆ, ಆ ಹೊಡೆತ ಬೇಡ. ಬೀಡು ಕಬ್ಬಿಣದ ಕಂಪನಿ ಫ್ಲೈವೀಲನ್ನು ಲೇತಿಗೆ ಹಾಕಿ ವಿಪರೀತ ಕೆರೆದರೆ ಮಾತ್ರ ಅದು 8,000 ಸುತ್ತಿನಲ್ಲಿ ಒಡೆದು ಚಾಲಕನ ಕಾಲಿಗೆ ಬರಬಹುದು. ಇಲ್ಲಿ ಉಕ್ಕಿನದನ್ನೇ ಕೊಳ್ಳಬೇಕು.

ಗಾಳಿ, ಇಂಧನ ಮತ್ತು ಕರಾವಳಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಬ್ರಹ್ಮಾವರ ಕಡಲ ಮಗ್ಗುಲಲ್ಲಿದೆ. ಎತ್ತರದ ಕಾರಣಕ್ಕೆ ಬೆಂಗಳೂರಿನ ಗಾಳಿಯ ಸಾಂದ್ರತೆ ಸುಮಾರು 8.5 ಪ್ರತಿಶತ ಕಡಿಮೆ. ಕರಾವಳಿಯ ಸೆಕೆ ಮತ್ತು ತೇವ ಈ ಅನುಕೂಲದ ಒಂದು ಪಾಲನ್ನು ನುಂಗುತ್ತವೆ: 32 ಡಿಗ್ರಿಯಲ್ಲಿ 75 ಪ್ರತಿಶತ ಆರ್ದ್ರತೆ ಇದ್ದರೆ ಎಂಜಿನ್ ಎಳೆದ ಗಾಳಿಯಲ್ಲಿ ಮೂರೂವರೆ ಪ್ರತಿಶತ ಬರೀ ನೀರಾವಿ. ಎಲ್ಲ ಕೂಡಿ ಕಳೆದರೂ 25 ಡಿಗ್ರಿಯ ಬೆಂಗಳೂರಿಗಿಂತ ಇಲ್ಲಿ ಎಂಜಿನಿಗೆ ಸುಮಾರು 7 ಪ್ರತಿಶತ ಹೆಚ್ಚು ಆಮ್ಲಜನಕ ಸಿಗುತ್ತದೆ.

ಲಾಭ ತಾನಾಗಿ ಕೈಗೆ ಬರುವುದಿಲ್ಲ. ಗಾಳಿ ದಟ್ಟವಾದಷ್ಟೂ ಕಾರ್ಬ್ಯುರೇಟರಿನ ಜೆಟ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಆದರೆ ಗಾಳಿ ಹೆಚ್ಚಿದ ಪ್ರಮಾಣದಲ್ಲಲ್ಲ, ಅದರ ವರ್ಗಮೂಲದ ಪ್ರಮಾಣದಲ್ಲಿ. ಬೆಂಗಳೂರಿನಲ್ಲಿ ಸರಿಮಾಡಿಸಿದ ಗಾಡಿ ಘಟ್ಟ ಇಳಿದು ಬಂದಾಗ ಮಿಶ್ರಣ ಸುಮಾರು 3 ಪ್ರತಿಶತ ತೆಳುವಾಗುತ್ತದೆ. ಸಿಲಿಂಡರಿನ ಒತ್ತಡ ಹೆಚ್ಚಾಗಿ, ಮಿಶ್ರಣ ತೆಳುವಾಗಿ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾಗುತ್ತದೆ. ತೇವದ ಗಾಳಿ ನಾಕಿಂಗನ್ನು ಒಂದಿಷ್ಟು ತಡೆಯುವುದು ನಿಜವಾದರೂ ಅದನ್ನೇ ನಂಬಿ ಕೂರಬಾರದು. ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ, ಇಗ್ನಿಷನ್ ಟೈಮಿಂಗ್ ಒಂದೆರಡು ಡಿಗ್ರಿ ಹಿಂದೆ ಸರಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ. ಇಂದು ಹೊಸದಾಗಿ ಕಾರು ಕಟ್ಟುವವರು ಜೋಡಿ ಕಾರ್ಬ್ಯುರೇಟರಿನ ಮೋಹ ಬಿಟ್ಟು ಪ್ರೋಗ್ರಾಂ ಮಾಡಬಹುದಾದ ಇಸಿಯುಗೆ ಹಣ ಇಡುವುದು ಮೇಲು.

ಪೆಟ್ರೋಲೇ ಬದಲಾಗಿರುವುದು ಇನ್ನೊಂದು ಸಂಗತಿ. ಈಗ ಬಂಕುಗಳಲ್ಲಿ ಸಿಗುವ ಇ20ರಲ್ಲಿ ಐದನೇ ಒಂದು ಪಾಲು ಎಥನಾಲ್. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು, ಅಂದರೆ ಅದೇ ಗಾಳಿಗೆ 9 ಪ್ರತಿಶತದಷ್ಟು ಹೆಚ್ಚು ಇಂಧನ ಹರಿಸಬೇಕು. ಹಳೆಯ ಜೆಟ್ ಪಟ್ಟಿಗಳು ಇದರೊಂದಿಗೆ ಹೊಂದುವುದಿಲ್ಲ. ಎಥನಾಲ್ ಆಕ್ಟೇನ್ ಹೆಚ್ಚಿಸುತ್ತದೆ, ಒಳಬರುವ ಮಿಶ್ರಣವನ್ನು ತಂಪು ಮಾಡುತ್ತದೆ, ಹಾಗಾಗಿ ಹೆಚ್ಚು ಕಂಪ್ರೆಷನ್ನಿಗೆ ಅದು ಮಿತ್ರನೇ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದ 100 ಆಕ್ಟೇನಿನ ಪೆಟ್ರೋಲು ಎಲ್ಲ ಊರಿನಲ್ಲೂ ಸಿಗದು. ಸಿಕ್ಕರೂ, 9ರ ಕಂಪ್ರೆಷನ್ನಿನ ಎಂಜಿನಿಗೆ ಅದನ್ನು ಕುಡಿಸುವುದು ದಂಡ.

ಗಾಳಿಯ ಬಾಯಿಯನ್ನು ಫಿಲ್ಟರ್ ಇಲ್ಲದೆ ತೆರೆದಿಡುವ ರೂಢಿ ಈ ಸೀಮೆಗೆ ಆಗದು. ಮುರಕಲ್ಲಿನ ಕೆಂಪು ಧೂಳು ಒಂದೇ ಬೇಸಗೆಯಲ್ಲಿ ರಿಂಗನ್ನೂ ಬೋರನ್ನೂ ತಿನ್ನುತ್ತದೆ. ಎಕ್ಸಾಸ್ಟಿನ ಮಟ್ಟಿಗೆ ಮೂರು ಸಿಲಿಂಡರಿನ 800 ಅದೃಷ್ಟವಂತ ಎಂಜಿನ್: ಉಸಿರುಗಳು 240 ಡಿಗ್ರಿಗೊಂದರಂತೆ ದೂರ ದೂರ ಬರುವುದರಿಂದ ಮೂರು ಕೊಳವೆಗಳನ್ನು ನೇರವಾಗಿ ಒಂದಕ್ಕೆ ಸೇರಿಸಿದರೆ ಸಾಕು. ನಾಲ್ಕು ಸಿಲಿಂಡರಿನಲ್ಲಿ ಮಧ್ಯದ ಆರ್‌ಪಿಎಂ ಬೇಕಾದರೆ ನಾಲ್ಕನ್ನು ಎರಡಾಗಿ, ಎರಡನ್ನು ಒಂದಾಗಿ ಕೂಡಿಸುತ್ತಾರೆ. ಸೈಲೆನ್ಸರ್ ಕಿತ್ತುಹಾಕಿದರೆ ಗಾಡಿ ಓಡುತ್ತದೆ ಎಂಬ ನಂಬಿಕೆ ಕೋಟ, ಸಾಲಿಗ್ರಾಮದ ರಸ್ತೆಗಳಲ್ಲೂ ಉಂಟು. ಓಡುವುದು ಸದ್ದು ಮಾತ್ರ.

ನಿಯಮ ಕಟ್ಟಿದ ಎಂಜಿನ್

ಫಾರ್ಮುಲಾ ಸ್ಟೂಡೆಂಟ್ ನಿಯಮದಂತೆ ಪೆಟ್ರೋಲ್ ಎಂಜಿನ್ 710 ಸಿಸಿ ಮೀರಬಾರದು, ಎಳೆಯುವ ಎಲ್ಲ ಗಾಳಿಯೂ 20 ಮಿ.ಮೀ. ವ್ಯಾಸದ ಒಂದೇ ರಂಧ್ರದ ಮೂಲಕ ಬರಬೇಕು. ಆ ರಂಧ್ರದಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಸೆಕೆಂಡಿಗೆ 75 ಗ್ರಾಮಿಗಿಂತ ಹೆಚ್ಚು ಒಳಬರಲಾರದು. ಅದರಿಂದ ಹೊರಡುವ ಶಕ್ತಿ ಹೆಚ್ಚೆಂದರೆ 100 ಅಶ್ವಶಕ್ತಿಯ ಆಸುಪಾಸು. ಶಕ್ತಿಗೆ ಹೀಗೆ ಮೇಲೊಂದು ಮಿತಿ ಬಿದ್ದಾಗ ತೂಕ ದೊಡ್ಡದಾಗುತ್ತದೆ. ನಾಲ್ಕು ಸಿಲಿಂಡರಿನ 600 ಸಿಸಿ ಬೈಕ್ ಎಂಜಿನ್ ಬಿಟ್ಟು, ಪುಣೆ ಬಳಿಯ ಚಾಕಣದಲ್ಲಿ ತಯಾರಾದ ಕೆಟಿಎಂ 390 ಬೈಕಿನ 373 ಸಿಸಿ ಒಂಟಿ ಸಿಲಿಂಡರಿನ ಎಂಜಿನನ್ನು ಭಾರತದ ಅನೇಕ ತಂಡಗಳು ಆರಿಸಿಕೊಂಡಿರುವುದು ಇದಕ್ಕೇ. ಅದರ ಬೋರ್ 89, ಸ್ಟ್ರೋಕ್ 60. ಶಕ್ತಿ ಸುಮಾರು 43 ಅಶ್ವಶಕ್ತಿ. ಅಷ್ಟು ಸಣ್ಣ ಎಂಜಿನಿಗೆ 20 ಮಿ.ಮೀ. ರಂಧ್ರ ಅಷ್ಟೇನೂ ಉಸಿರು ಕಟ್ಟಿಸುವುದಿಲ್ಲ. ಬಿಡಿಭಾಗಗಳು ಶೋರೂಮಿನಲ್ಲೇ ಸಿಗುತ್ತವೆ. ಇತ್ತೀಚೆಗೆ ವಿದ್ಯಾರ್ಥಿ ತಂಡಗಳು ವಿದ್ಯುತ್ ಕಾರುಗಳತ್ತ ಹೊರಳುತ್ತಿವೆ; ಅಲ್ಲಿ ಈ ಲೇಖನದ ಹೆಚ್ಚಿನ ಭಾಗಗಳಿಗೆ ಕೆಲಸವಿಲ್ಲ.

ಟರ್ಬೊ ಕೂರಿಸುವ ಯೋಚನೆ ಇರುವವರು ಕಂಪ್ರೆಷನ್ ಇಳಿಸಿ, ಫೋರ್ಜ್ ಪಿಸ್ಟನ್, ಗಟ್ಟಿ ರಾಡು, ಇಂಟರ್‌ಕೂಲರ್, ಇಸಿಯು ಎಲ್ಲಕ್ಕೂ ಒಟ್ಟಿಗೆ ಹಣ ಹೊಂದಿಸಿಕೊಳ್ಳಬೇಕು. ಅರ್ಧ ಮಾಡಿದ ಟರ್ಬೊ ಕೆಲಸಕ್ಕಿಂತ ಪೂರ್ತಿ ಮಾಡಿದ ಕ್ಯಾಮ್ ಕೆಲಸ ಹೆಚ್ಚು ವೇಗ ಕೊಡುತ್ತದೆ.

ಕಾನೂನು ಮತ್ತು ಮಳೆಗಾಲ

ನಾಲ್ಕು ಪಥವಾದ ರಾಷ್ಟ್ರೀಯ ಹೆದ್ದಾರಿ 66 ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಮರವಂತೆಯ ನೇರ ದಾರಿ ಕಂಡಾಗ ಕೈ ತುರಿಸುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪೈಪೋಟಿಯನ್ನು ಅಪರಾಧವೆಂದು ಹೇಳುತ್ತದೆ. 52ನೇ ಕಲಂ ನೋಂದಣಿಯಾದ ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ಮೇಲೆ ಹೇಳಿದಂತೆ ಕಟ್ಟಿದ ಕಾರು ಟ್ರೈಲರಿನ ಮೇಲೆ ಟ್ರ್ಯಾಕಿಗೆ ಹೋಗಬೇಕಾದದ್ದು. ಸ್ಪರ್ಧೆಗೆ ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಪರವಾನಗಿ ಬೇಕು.

ಜೂನಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯಲ್ಲಿ ಕಾರು ನಿಂತೇ ಇರುತ್ತದೆ. ಇ20 ಗಾಳಿಯ ತೇವ ಹೀರಿ, ಹೆಚ್ಚಾದ ನೀರು ಎಥನಾಲನ್ನು ಎಳೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಬಿಳಿ ಕಿಲುಬು ಕಟ್ಟುತ್ತದೆ. ಮೇ ಕೊನೆಯೊಳಗೆ ಟ್ಯಾಂಕು ಮತ್ತು ಬಟ್ಟಲು ಖಾಲಿ ಮಾಡಿ, ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದು ಚಮಚ ಎಣ್ಣೆ ಬಿಟ್ಟು, ಕ್ರ್ಯಾಂಕನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿಡಬೇಕು. ಎಕ್ಸಾಸ್ಟಿನ ಬಾಯಿಗೆ ಬಟ್ಟೆ ತುರುಕಿ, ಅದನ್ನು ತೆಗೆಯುವ ನೆನಪಿಗೆ ಸ್ಟಿಯರಿಂಗಿಗೆ ಒಂದು ಚೀಟಿ ಕಟ್ಟುವುದು ಒಳ್ಳೆಯದು.